ಮೀನುಪೇಟೆಯ ಮಾವಿನ ಬುಡ ಬಿಡಿಸಿದ್ದು

ದೀಪಾವಳಿ ಮುಗಿದ ಮೇಲಿನ ಮೊದಲ ಭಾನುವಾರ ಮೀನುಪೇಟೆಯ ಮಾವಿನ ಮರದ ಬುಡ ಬಿಡಿಸಲು ಹೋದೆವು. ತೆಂಗಿನ ಬುಡ ಬಿಡಿಸುವುದನ್ನು ನಮ್ಮ ಕರಾವಳಿಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸುತ್ತ ಮಣ್ಣು ಕೆದಕಿ, ಬಟ್ಟಲಿನ ಹಾಗೆ ತಗ್ಗು ಮಾಡಿ, ಸೊಪ್ಪು ಗೊಬ್ಬರ ತುಂಬಿದರೆ ಆಯಿತು. ಪೇಟೆಯ ಮರಕ್ಕೆ ಅಷ್ಟು ಸುಲಭವಿಲ್ಲ. ಅದರ ಬುಡದಲ್ಲಿ ಮಣ್ಣೇ ಕಾಣುವುದಿಲ್ಲ. ರಸ್ತೆ ಮಾಡಿದವರು ಕಾಂಡಕ್ಕೆ ತಾಗಿಸಿಯೇ ಕಾಂಕ್ರೀಟು ಸುರಿದಿದ್ದರು. ಮರ ದಪ್ಪವಾಗುತ್ತಾ ಹೋದಂತೆ ಆ ಕಾಂಕ್ರೀಟು ತೊಗಟೆಯೊಳಗೆ ಹೂತುಹೋಗಿತ್ತು.

ಊರಿನ ಹೆಸರು ಬರೆಯುವುದಿಲ್ಲ. ಕುಮಟಾಕ್ಕೂ ಭಟ್ಕಳಕ್ಕೂ ನಡುವೆ ಎಲ್ಲೋ ಎಂದಿಟ್ಟುಕೊಳ್ಳಿ. ಬರೆದರೆ ನಾಳೆ ಬೆಳಿಗ್ಗೆ ನಾನು ಕೆಲಸ ಮಾಡುವ ಲ್ಯಾಬಿಗೇ ಬಂದು ಜಗಳ ತೆಗೆಯುವವರಿದ್ದಾರೆ. ಊರವರ ರಕ್ತ, ಮೂತ್ರ ಪರೀಕ್ಷೆ ಮಾಡುವುದು ನನ್ನ ಉದ್ಯೋಗ. ಭಾನುವಾರ ಮಾತ್ರ ಮರಗಳ ಕೆಲಸ. ನಾವೊಂದು ಸಣ್ಣ ಗುಂಪು. ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಇರುವ ಮರಗಳನ್ನು ನೋಡುವವರಿಲ್ಲ ಎಂಬ ಸಿಟ್ಟಿನಿಂದ ಹುಟ್ಟಿಕೊಂಡ ಗುಂಪು ಇದು. ಕಾಂಡಕ್ಕೆ ಹೊಡೆದ ಮೊಳೆ ಕೀಳುವುದು, ಬ್ಯಾನರಿನ ತಂತಿ ಬಿಚ್ಚುವುದು, ಬೇಸಿಗೆಯಲ್ಲಿ ನೀರು ಹಾಕುವುದು, ಬುಡ ಬಿಡಿಸುವುದು, ಇಷ್ಟೇ ನಮ್ಮ ಕೆಲಸ. ಗುಂಪಿನಲ್ಲಿ ಮರ ಹತ್ತಬಲ್ಲವರು ಒಬ್ಬರೇ, ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಲೈನ್‌ಮನ್. ಮರದ ಬಗ್ಗೆ ಓದಿಕೊಂಡವರೂ ಒಬ್ಬರೇ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮೇಷ್ಟ್ರು. ಜಗಳ ಆಡುವುದಕ್ಕೆ ಮಾತ್ರ ನಾನು.

ಈ ಮಾವಿನ ಮರ ಹಳೆಯದು. ಹುಳಿ ಕಾಡುಮಾವು, ಹಣ್ಣಿಗೆ ಬೆಲೆಯಿಲ್ಲ, ನೆರಳಿಗೆ ಬೆಲೆ ಕಟ್ಟಲಾಗದು. ಅದರ ಕೆಳಗೆ ಮೀನು ಮಾರುವ ಹೆಂಗಸರು ಸಾಲಾಗಿ ಕೂರುತ್ತಾರೆ. ಅವರಿಗಾಗಿ ಪಟ್ಟಣ ಪಂಚಾಯತಿ ಕಚೇರಿಯವರು ಪೇಟೆಯ ಹಿಂದೆ ಹೊಸ ಮಾರ್ಕೆಟ್ ಕಟ್ಟಿಸಿ ಕೆಲವು ವರ್ಷವಾಗಿತ್ತು. ಮೇಲೆ ತಗಡು, ಕೆಳಗೆ ಜಾರುವ ಟೈಲ್ಸು, ಗಾಳಿ ಆಡುವುದಿಲ್ಲ. ರಸ್ತೆಯಿಂದ ಯಾರ ಕಣ್ಣಿಗೂ ಬೀಳದ ಜಾಗ. ಅಲ್ಲಿಗೆ ಹೋದವರ ಮೀನು ಸಂಜೆಯಾದರೂ ಬುಟ್ಟಿಯಲ್ಲೇ ಉಳಿಯುತ್ತಿತ್ತು. ಹಾಗಾಗಿ ಹೋದವರೆಲ್ಲ ತಿರುಗಿ ಮರದ ಕೆಳಗೇ ಬಂದರು. ಅವರಲ್ಲಿ ಹಿರಿಯವಳೊಬ್ಬಳಿದ್ದಾಳೆ. ಗಂಡ ದೋಣಿಗೆ ಹೋಗುವುದನ್ನು ನಿಲ್ಲಿಸಿದ ಮೇಲೆ ಮನೆ ನಡೆಸಿದ್ದು ಅವಳ ಬುಟ್ಟಿಯೇ. ಹಿಂದೊಮ್ಮೆ ರಸ್ತೆ ಅಗಲ ಮಾಡುವವರು ಗರಗಸ ತಂದಾಗ ಅವಳು ಕಾಂಡಕ್ಕೆ ಬೆನ್ನು ಕೊಟ್ಟು ಕೂತವಳು ಎದ್ದೇ ಇರಲಿಲ್ಲವಂತೆ. ಆ ಮರ ಅವಳಿಂದ ಉಳಿದದ್ದು. ನಾವು ಆಮೇಲೆ ಬಂದವರು.

ಕೆಲಸ ಚೆನ್ನಾಗಿಯೇ ಆಯಿತು. ಹಾರೆಯಿಂದ ಹೊರಗಿನ ಅಂಚನ್ನು ಮೊದಲು ಎಬ್ಬಿಸಿ, ಕಾಂಡದ ಹತ್ತಿರ ಬಂದಂತೆ ಉಳಿ ಸುತ್ತಿಗೆ ಹಿಡಿದು ಸಣ್ಣ ಸಣ್ಣ ತುಂಡು ತೆಗೆದೆವು. ಬೇರಿಗೆ ಪೆಟ್ಟಾದರೆ ಗಾಯದಿಂದ ಕೊಳೆಯುತ್ತದೆ ಎಂದು ಮೇಷ್ಟ್ರು ಕ್ಷಣಕ್ಕೊಮ್ಮೆ ಎಚ್ಚರಿಸುತ್ತಿದ್ದರು. ಕೆಳಗಿನ ಮಣ್ಣು ಕಲ್ಲಿನಂತಾಗಿತ್ತು. ಅದನ್ನು ನೀರು ಹಾಕಿ ನೆನೆಸಿ ಕೈಯಿಂದಲೇ ಸಡಿಲಿಸಿದೆವು. ಅಗಲವಾದ ತಗ್ಗು ಮಾಡಿ, ಕೆಂಪು ಮಣ್ಣು ಸೇರಿಸಿ, ಮೇಲೆ ಒಣಗಿದ ಎಲೆಗಳ ದರಕು ಹಾಸಿದೆವು. ಹೆಂಗಸರು ಒಡೆದ ಕಾಂಕ್ರೀಟನ್ನು ತಮ್ಮ ಬುಟ್ಟಿಗಳಲ್ಲೇ ಹೊತ್ತು ಆಚೆ ಹಾಕಿದರು. ಹಿರಿಯವಳು ಎಲ್ಲರಿಗೂ ಚಾ ತರಿಸಿದಳು. ಇಷ್ಟು ವರ್ಷಕ್ಕೆ ಮರ ಉಸಿರು ಬಿಟ್ಟಿತು ಎಂದಳು. ನಮಗೂ ಹಾಗೆಯೇ ಅನಿಸಿತು.

ಶಿವರಾತ್ರಿ ಹೊತ್ತಿಗೆ ಎಲೆಗಳು ಸುಡತೊಡಗಿದವು. ಸುಡುವುದೆಂದರೆ ನಿಜವಾಗಿ ಹಾಗೆಯೇ. ತುದಿಯಿಂದ ಶುರುವಾಗಿ ಅಂಚಿನುದ್ದಕ್ಕೂ ಕಂದು, ಕಾವಲಿಯ ಮೇಲೆ ಮರೆತ ದೋಸೆಯಂತೆ. ಹಳೆಯ ಎಲೆಗಳಲ್ಲಿ ಮೊದಲು, ಆಮೇಲೆ ಹೊಸವುಗಳಲ್ಲೂ. ಆ ವರ್ಷ ಹೂವೇ ಬರಲಿಲ್ಲ. ನೆತ್ತಿಯ ಕೊಂಬೆಗಳು ಬೋಳಾಗತೊಡಗಿದವು.

ನಮ್ಮ ತಲೆಗೆ ಮೊದಲು ಬಂದದ್ದು ವಿಷದ ಯೋಚನೆ. ಎದುರಿನ ಮೊಬೈಲ್ ಅಂಗಡಿಯವನ ಬೋರ್ಡು ಈ ಮರದಿಂದ ಮುಚ್ಚಿಹೋಗುತ್ತದೆ ಎಂದು ಅವನು ಎಲ್ಲರೆದುರೂ ಗೊಣಗುತ್ತಿದ್ದ. ಕಾಂಡಕ್ಕೆ ತೂತು ಕೊರೆದು ಆಸಿಡ್ ಹಾಕುವುದು ನಮ್ಮ ಕಡೆ ಹೊಸತೇನಲ್ಲ. ಲೈನ್‌ಮನ್ ಕಾಂಡದ ಸುತ್ತ ಬೆರಳಾಡಿಸಿ, ಕವಲು ಕವಲು ಹತ್ತಿ ನೋಡಿದರು. ಎಲ್ಲೂ ತೂತಿಲ್ಲ. ಅವರು ಇಳಿಯುವುದರೊಳಗೆ ನಾನು ಅಂಗಡಿಗೆ ನುಗ್ಗಿ ಜಗಳ ಆಡಿ ಮುಗಿಸಿದ್ದೆ. ಅವನು ಇಂದಿಗೂ ನನ್ನ ಜೊತೆ ಮಾತಾಡುವುದಿಲ್ಲ. ಹಾಗೆಂದು ನಾನು ಕ್ಷಮೆ ಕೇಳಲೂ ಇಲ್ಲ, ಅವನು ಬ್ಯಾನರಿಗೆಂದು ಹೊಡೆದ, ನಮ್ಮಿಂದ ಕೀಳಲಾಗದ ಮೊಳೆಗಳು ಇನ್ನೂ ಆ ಮರದಲ್ಲೇ ಇವೆ.

ಆಮೇಲೆ ನೀರು ಸಾಲದೇನೋ ಎಂದುಕೊಂಡೆವು. ಭಾನುವಾರಕ್ಕೊಮ್ಮೆ ಹಾಕುವುದನ್ನು ವಾರದ ನಡುವೆಯೂ ಹಾಕಿದೆವು. ಬೇರು ಕೊಳೆತಿರಬಹುದು ಎಂದು ಒಬ್ಬರು ಹೇಳಿದ್ದಕ್ಕೆ ಮತ್ತೆ ನಿಲ್ಲಿಸಿದೆವು. ಬೇವಿನ ಹಿಂಡಿ ಹಾಕಿದೆವು. ವಾಟ್ಸಾಪಿನಲ್ಲಿ ಎಲೆಯ ಫೋಟೋ ಕಳಿಸಿದರೆ ಒಬ್ಬೊಬ್ಬರದ್ದು ಒಂದೊಂದು ಔಷಧಿ. ನನಗೆ ತಲೆ ಕೆಟ್ಟುಹೋಯಿತು. ಕಾಂಕ್ರೀಟಿನಲ್ಲಿ ಹೂತಿದ್ದಾಗ ದಷ್ಟಪುಷ್ಟವಾಗಿದ್ದ ಮರ, ಬಿಡುಗಡೆ ಮಾಡಿದ ಮೇಲೆ ಸಾಯುವುದೆಂದರೆ ಏನರ್ಥ?

ಅದರ ಅರ್ಥ ಒಂದು ಬುಧವಾರ ಮಧ್ಯಾಹ್ನ ತಿಳಿಯಿತು. ನಮ್ಮ ಗುಂಪಿನ ದೊಡ್ಡ ದೋಷವೆಂದರೆ ನಾವೆಲ್ಲ ಬೆಳಿಗ್ಗೆಯ ಜನ. ನಾವು ಮರ ನೋಡುವುದು ಬಿಸಿಲೇರುವ ಮೊದಲು, ಆಗಿನ್ನೂ ಹೆಂಗಸರು ಬುಟ್ಟಿ ಇಳಿಸುತ್ತಿರುತ್ತಾರೆ. ಆ ದಿನ ಲ್ಯಾಬಿನ ಯಂತ್ರ ಕೆಟ್ಟಿದ್ದರಿಂದ ನಾನು ಮಧ್ಯಾಹ್ನವೇ ಮನೆಗೆ ಹೊರಟಿದ್ದೆ. ವ್ಯಾಪಾರ ಮುಗಿದಿತ್ತು. ಹಿರಿಯವಳು ಐಸು ಕರಗಿದ ಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿ, ನಾವು ಮಾಡಿದ ತಗ್ಗಿಗೆ ಸುರಿದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಮಾರಾಟವಾಗದ ಬಂಗಡೆಗೆ ಉಪ್ಪು ಬೆರೆಸಿಟ್ಟ ಟಬ್ಬಿನ ನೀರು, ಕೊನೆಯಲ್ಲಿ ಮೀನಿನ ಕರುಳು. ಸುರಿದು, ಮೇಲೆ ದರಕನ್ನು ಕಾಲಿನಿಂದ ನೀಟಾಗಿ ಎಳೆದು ಮುಚ್ಚಿದಳು.

ಎಂತ ಮಾಡುತ್ತಿದ್ದೀರಿ ಎಂದು ಕೂಗಿಯೇ ಕೇಳಿದೆ. ಅವಳಿಗೆ ಆಶ್ಚರ್ಯ.

"ಗೊಬ್ಬರ ಹಾಕುದು ತಂಗಿ. ನೀವು ಬುಡ ಬಿಡಿಸಿ ಕೊಟ್ಟ ಮೇಲೆ ದಿನಾ ಹಾಕ್ತೆ. ಎಲೆ ಒಣಗುಕೆ ಶುರು ಆದ ಮೇಲೆ ಮತ್ತೂ ಜಾಸ್ತಿ ಹಾಕಿದ್ದೆ. ನಮ್ಮನೆ ತೆಂಗಿಗೆ ಇದೇ ನೀರು, ಎಷ್ಟು ಕಾಯಿ ಅದೆ ಬಂದು ನೋಡು."

ಅವಳು ಹೇಳಿದ್ದು ಸುಳ್ಳಲ್ಲ. ತೆಂಗಿನ ಸಸಿ ನೆಡುವಾಗ ಗುಂಡಿಗೆ ಉಪ್ಪು ಹಾಕದ ಮನೆ ನಮ್ಮ ಕಡೆ ಇಲ್ಲ. ಮೀನಿನ ಗೊಬ್ಬರ ಬಿದ್ದ ತೆಂಗು ಹೇಗೆ ಕಾಯಿ ಬಿಡುತ್ತದೆಂದು ನನಗೂ ಗೊತ್ತು, ನಮ್ಮ ಹಿತ್ತಲಲ್ಲೂ ಹಾಗೆಯೇ ಮಾಡುತ್ತಾರೆ. ಆದರೆ ತೆಂಗು ಉಪ್ಪನ್ನು ಅರಗಿಸಿಕೊಳ್ಳುವ ಮರ, ಮಾವು ಅಲ್ಲ. ಇಷ್ಟು ವರ್ಷ ಆ ನೀರು ಕಾಂಕ್ರೀಟಿನ ಮೇಲೆ ಬಿದ್ದು ಚರಂಡಿಗೆ ಹರಿದುಹೋಗುತ್ತಿತ್ತು. ನಾವು ಮರದ ಬಾಯಿ ತೆರೆದುಕೊಟ್ಟಿದ್ದೆವು, ಅವರು ಅಕ್ಕರೆಯಿಂದ ಅದಕ್ಕೆ ಉಪ್ಪು ಕುಡಿಸಿದ್ದರು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ನಾನು ಆ ಬಿಸಿಲಲ್ಲಿ ನಿಂತೇ ಇದ್ದೆ.

ಮೇಷ್ಟ್ರು ಬುಡದ ಮಣ್ಣನ್ನು ಮೂರು ಆಳದಿಂದ ತೆಗೆದು ಕಾಲೇಜಿಗೆ ಒಯ್ದರು. ಬಟ್ಟಿ ಇಳಿಸಿದ ನೀರಿನಲ್ಲಿ ಕಲಕಿ, ತಿಳಿಯಾಗಲು ಬಿಟ್ಟು, ಸೋಸಿ, ಸಿಲ್ವರ್ ನೈಟ್ರೇಟಿನ ಹನಿ ಬಿಟ್ಟರು. ಉಪ್ಪಿದ್ದರೆ ನೀರು ಬೆಳ್ಳಗಾಗುತ್ತದೆ. ಮೇಲಿನ ಮಣ್ಣಿನದು ಒಡೆದ ಹಾಲಿನಂತೆ ಗಟ್ಟಿಯಾಗಿ ತಳದಲ್ಲಿ ಕೂತಿತು. ಆಳದ ಮಣ್ಣಿನದು ಮಸುಕಾಯಿತು ಅಷ್ಟೆ. ಆಳಕ್ಕೆ ಪೂರ್ತಿ ಇಳಿದಿಲ್ಲ, ಇನ್ನೂ ಸಮಯವಿದೆ ಎಂದರು. ಮೇಲಿನ ಮಣ್ಣು ಕೆರೆದು ತೆಗೆಯಬೇಕು, ಜಿಪ್ಸಂ ಬೆರೆಸಬೇಕು, ಸಿಹಿನೀರು ಧಾರಾಳವಾಗಿ ಬಿಟ್ಟು ಉಪ್ಪನ್ನು ತೊಳೆದು ಹೊರಗೆ ಹರಿಸಬೇಕು. ಎಲ್ಲಕ್ಕೂ ಮೊದಲು, ಉಪ್ಪುನೀರು ನಿಲ್ಲಬೇಕು.

ನಿಲ್ಲಿಸುವುದೇ ಕಷ್ಟವಾಯಿತು. ಹೆಂಗಸರು ಮಾತು ಕೊಟ್ಟರು, ನಡೆಸಿಕೊಂಡರು. ಆದರೆ ಮೀನಿನ ಗಾಡಿಯವರು ಪೆಟ್ಟಿಗೆ ಇಳಿಸುವಾಗ ಅರ್ಧ ನೀರು ಅಲ್ಲೇ ಚೆಲ್ಲುತ್ತಿತ್ತು. ಮೀನು ಕೊಚ್ಚಿಸಿಕೊಂಡವರು ಕೈ ತೊಳೆಯುವುದು ಅಲ್ಲೇ. ಎಷ್ಟು ಜನರ ಹಿಂದೆ ಓಡುವುದು? ಸುತ್ತ ಒಂದು ಇಟ್ಟಿಗೆಯ ಅಂಚು ಕಟ್ಟಿದರೆ ಗಾಡಿ ಚಕ್ರ ತಾಗಿ ಒಡೆಯಿತು. ನೀರನ್ನು ಚರಂಡಿಗೆ ತಿರುಗಿಸಲು ಸಣ್ಣ ಕಾಲುವೆ ತೋಡಿದರೆ, ಸಾರ್ವಜನಿಕ ರಸ್ತೆ ಅಗೆದಿದ್ದೀರಿ ಎಂದು ಕಚೇರಿಯಿಂದ ಕರೆ ಬಂತು. ಅದೇ ರಸ್ತೆಯನ್ನು ಕೇಬಲ್ಲಿನವರು ಉದ್ದಕ್ಕೆ ಅಗೆದು ಹಾಗೆಯೇ ಬಿಟ್ಟುಹೋಗಿದ್ದನ್ನು ನಾನು ತೋರಿಸಿದೆ. ಅದು ಬೇರೆ ವಿಷಯ ಎಂದರು. ನಾವು ಕಾಲುವೆ ಮುಚ್ಚಲಿಲ್ಲ.

ಮಣ್ಣು ಕೆರೆದು ಜಿಪ್ಸಂ ಬೆರೆಸಿ ಟ್ಯಾಂಕರ್ ತರಿಸಿದೆವು. ಎರಡು ದಿನ ಬಿಟ್ಟು ಮತ್ತೊಂದು, ಆಮೇಲೆ ಇನ್ನೊಂದು. ತಗ್ಗು ತುಂಬಿ, ಇಂಗಿ, ಕೆಳಗಿನಿಂದ ಒಸರಿ ಕಾಲುವೆಗೆ ಹರಿಯುವುದನ್ನು ನೋಡುತ್ತಾ ನನಗೆ ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿತ್ತು. ಮೇಷ್ಟ್ರು ಮತ್ತೆ ಮಣ್ಣು ಒಯ್ದರು. ಮೊದಲಿಗಿಂತ ಬಿಳಿ. ಅವರಿಗೆ ನಂಬಿಕೆಯಾಗದೆ ಟ್ಯಾಂಕರಿನ ನೀರನ್ನೇ ಬಾಟಲಿಯಲ್ಲಿ ಹಿಡಿದು ತಂದು ಹನಿ ಬಿಟ್ಟರು. ಅದೂ ಬೆಳ್ಳಗಾಯಿತು.

ಟ್ಯಾಂಕರಿನವನ ಬಾವಿ ಹೊಳೆಯ ದಂಡೆಯಲ್ಲಿತ್ತು. ಬೇಸಿಗೆಯಲ್ಲಿ ಹೊಳೆಗೆ ಸಮುದ್ರದ ನೀರು ಏರಿ ಬರುತ್ತದೆ, ದಂಡೆಯ ಬಾವಿಗಳೆಲ್ಲ ಸವಳಾಗುತ್ತವೆ. ಇದು ಇಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು, ನಮಗೂ ಗೊತ್ತು. ಮರಕ್ಕಲ್ಲವೇ ಎಂದು ಒಬ್ಬರೂ ಬಾಯಿಗೆ ಹಾಕಿ ನೋಡಿರಲಿಲ್ಲ. ಅವನನ್ನು ಕೇಳಿದರೆ, ಕಟ್ಟಡ ಕಟ್ಟುವವರಿಗೆ ಕೊಡುವ ನೀರು, ಕುಡಿಯುವುದಕ್ಕೆಂದು ನೀವು ಹೇಳಲೇ ಇಲ್ಲವಲ್ಲ ಎಂದ. ಕಾಯ್ಕಿಣಿ ಕಡೆ ಗುಡ್ಡದ ಬುಡದಲ್ಲಿ ಸಿಹಿನೀರಿನ ಬಾವಿಗಳಿದ್ದವು. ಅಲ್ಲಿ ಊರಿನವರಿಗೇ ಕೊಡ ಲೆಕ್ಕದಲ್ಲಿ ನೀರು. ಮರಕ್ಕೆ ಕೊಡಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಇನ್ನು ಮಳೆಯೇ ಬಂದು ತೊಳೆಯಬೇಕಿತ್ತು.

ಮಳೆಗೆ ಮೊದಲು ಕಚೇರಿಯವರು ಬಂದರು. ಕಡಿಯಬೇಕಾದ ಮರವೆಂದು ಕಾಂಡದ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡ ಗುರುತು ಹಾಕಿದರು. ಒಣಗಿದ ಮರ, ಕೆಳಗೆ ಜನ ಕೂರುತ್ತಾರೆ, ಮಳೆಗಾಲದ ಗಾಳಿಗೆ ಬಿದ್ದರೆ ಯಾರು ಜವಾಬ್ದಾರಿ ಎಂಬುದು ಅವರ ಜೊತೆ ಬಂದ ಸಾಹೇಬರ ಪ್ರಶ್ನೆ. ಮರ ಸತ್ತಿಲ್ಲ ಎಂದು ಲೈನ್‌ಮನ್ ಕೊಂಬೆಯೊಂದನ್ನು ಉಗುರಿನಿಂದ ಕೆರೆದು ಒಳಗಿನ ಹಸಿರು ತೋರಿಸಿದರು. ಒಣಗಿದ ತುದಿಗಳನ್ನು ನಾವೇ ಇಳಿಸುತ್ತೇವೆ ಎಂದೆವು. ಮೇಷ್ಟ್ರು ಪರೀಕ್ಷೆಯ ವರದಿ ಮುಂದಿಟ್ಟು, ಕಾರಣ ಮೀನಿನ ಉಪ್ಪುನೀರು, ರೋಗವಲ್ಲ, ಮಳೆಯಲ್ಲಿ ತೊಳೆದುಹೋದರೆ ಮರ ಚೇತರಿಸಿಕೊಳ್ಳುತ್ತದೆ ಎಂದು ವಿವರಿಸಿದರು. ಸಾಹೇಬರು ವರದಿಯನ್ನು ಎರಡು ಸಲ ಓದಿದರು. ಕೆಳಗೆ ಯಾರೂ ಕೂರದಿದ್ದರೆ ಅಪಾಯವೂ ಇಲ್ಲ, ಉಪ್ಪುನೀರೂ ಇಲ್ಲ, ಆಗ ಮಳೆಗಾಲ ಮುಗಿಯುವವರೆಗೆ ಕಾಯಬಹುದು ಎಂದರು. ಹೆಂಗಸರು ಹೊಸ ಮಾರ್ಕೆಟ್ಟಿಗೆ ಹೋಗಲಿ. ಆಮೇಲೆ ತಿರುಗಿ ಬರಬಹುದೇ ಎಂದು ಕೇಳಿದೆ. ನೋಡೋಣ ಎಂದರು.

ಅದೇ ಸಂಜೆ ಗುಂಪು ಒಡೆಯುವ ಹಂತಕ್ಕೆ ಬಂತು. ಮೊದಲು ಮರ ಉಳಿಯಲಿ, ಉಳಿದದ್ದು ಆಮೇಲೆ ಎಂದು ಮೇಷ್ಟ್ರು. ಹೆಂಗಸರನ್ನು ಎಬ್ಬಿಸಿ ಉಳಿಸುವುದಾದರೆ ಯಾರಿಗಾಗಿ ಉಳಿಸುವುದು, ಗರಗಸಕ್ಕೆ ಅಡ್ಡ ಕೂತವರು ಅವರಲ್ಲವೇ ಎಂದು ಲೈನ್‌ಮನ್. ಇಬ್ಬರೂ ಸರಿಯಾಗಿಯೇ ಮಾತಾಡುತ್ತಿದ್ದರು, ಅದೇ ನನಗೆ ಸಹಿಸಲಾಗದ್ದು. ಕೊನೆಗೆ, ನಾವು ತೀರ್ಮಾನ ಮಾಡುವುದು ಬೇಡ, ಇರುವುದನ್ನು ಇರುವ ಹಾಗೆ ಅವರಿಗೇ ಹೇಳುತ್ತೇನೆ ಎಂದು ನಾನು ಎದ್ದೆ. ಈಗ ನೋಡಿದರೆ ಅದೂ ಒಂದು ತೀರ್ಮಾನವೇ ಆಗಿತ್ತು.

ಮರುದಿನ ವ್ಯಾಪಾರ ಮುಗಿಯುವವರೆಗೆ ಕಾದು ಹಿರಿಯವಳ ಪಕ್ಕ ಕೂತೆ. ಎಲ್ಲವನ್ನೂ ಹೇಳಿದೆ. ಸಾಹೇಬರ ಮಾತನ್ನೂ ಮುಚ್ಚಿಡಲಿಲ್ಲ. ಅವಳು ಕತ್ತಿ ಒರೆಸುತ್ತಾ ಕೇಳಿದಳು.

"ನೋಡೋಣ ಅಂದ್ರೆ ಇಲ್ಲ ಅಂತ, ತಂಗಿ. ಅದು ನಂಗೂ ಗೊತ್ತದೆ, ನಿಂಗೂ ಗೊತ್ತದೆ."

ಅವಳು ತಲೆ ಎತ್ತಿ ಬೋಳು ಕೊಂಬೆಗಳನ್ನು ನೋಡಿದಳು. ನಾವು ಒಳ್ಳೇದೇ ಮಾಡುಕೆ ಹೋದದ್ದು ಅಲ್ದಾ ಎಂದಳು. ಆಮೇಲೆ ಉಳಿದವರಿಗೂ ಕೇಳಿಸುವಂತೆ ಹೇಳಿದಳು.

"ಮರ ಸತ್ರೆ ಹೆಂಗೂ ಹೋಗುದೇ. ಮರ ಇದ್ರೆ ಒಂದಿನ ತಿರುಗಿ ಬರುಕೆ ಒಂದು ಜಾಗ ಆದ್ರೂ ಇರ್ತದೆ. ಆತು, ಹೋಪ ನಡೀರಿ."

ಒಬ್ಬಿಬ್ಬರು ಬೈದರು, ನನ್ನನ್ನೂ ಸೇರಿಸಿ. ಬೈಸಿಕೊಂಡೆ. ಮರುದಿನ ಬೆಳಿಗ್ಗೆ ಅವರ ಬುಟ್ಟಿಗಳು ನೇರ ತಗಡಿನ ಮಾರ್ಕೆಟ್ಟಿಗೆ ಹೋದವು. ಲೈನ್‌ಮನ್ ಮರ ಹತ್ತಿ ಸತ್ತ ಕೊಂಬೆಗಳನ್ನೆಲ್ಲ ಕವಲಿನ ಹೊರಗೆ ಸರಿಯಾಗಿ ಕತ್ತರಿಸಿ, ಹಗ್ಗ ಕಟ್ಟಿ ಇಳಿಸಿದರು. ಇಳಿದು ಬಂದವರು ಹಗ್ಗ ಸುತ್ತಿಕೊಂಡು, ಚಾಕ್ಕೂ ನಿಲ್ಲದೆ ಮನೆಗೆ ಹೋದರು.

ಮಳೆ ಬಂತು. ಈ ಕರಾವಳಿಯಲ್ಲಿ ಇದೊಂದು ಮಾತ್ರ ಯಾರ ಕಚೇರಿಗೂ ಅಲೆಸದೆ ತಾನಾಗಿ ಬರುತ್ತದೆ. ತಗ್ಗು ತುಂಬಿ ಉಕ್ಕಿ ಕಾಲುವೆಯಲ್ಲಿ ಹರಿಯಿತು. ಕಸ ಸಿಕ್ಕಿ ಕಾಲುವೆ ಕಟ್ಟಿಕೊಂಡರೆ ಬುಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆಂದು ನಾವು ಸರದಿಯ ಮೇಲೆ ಕೊಡೆ ಹಿಡಿದು ಹೋಗಿ ಬಿಡಿಸುತ್ತಿದ್ದೆವು. ಆಷಾಢದ ಗಾಳಿಗೆ ಒಂದು ದೊಡ್ಡ ಕೊಂಬೆ ಮುರಿದು ಬಿತ್ತು, ಕೆಳಗೆ ಯಾರೂ ಇರಲಿಲ್ಲ. ಸಾಹೇಬರು ಫೋನ್ ಮಾಡಿ, ನೋಡಿದಿರಾ ಎಂದರು. ನೋಡಿದೆ ಎಂದೆ. ಗಣೇಶ ಚೌತಿ ಕಳೆದ ಮೇಲೆ ಮೇಷ್ಟ್ರು ಮಣ್ಣು ಪರೀಕ್ಷಿಸಿದರು. ಹನಿ ಬಿಟ್ಟರೆ ನೀರು ತಿಳಿಯಾಗಿಯೇ ಉಳಿಯಿತು. ನವರಾತ್ರಿಗೆ ಮರ ಪೂರ್ತಿ ಚಿಗುರಿತು. ಮಾವಿನ ಎಳೆ ಚಿಗುರಿನ ಆ ತಾಮ್ರದ ಬಣ್ಣ ಕಂಡು ರಸ್ತೆಯಲ್ಲಿ ನಿಂತೇ ನನಗೆ ಅಳು ಬಂತು. ನಾಚಿಕೆ ಬಿಟ್ಟು ಅತ್ತೆ.

ಅದಾದ ಕೆಲವೇ ದಿನಕ್ಕೆ ಕಚೇರಿಯವರು ಮರದ ಸುತ್ತ ಇಂಟರ್‌ಲಾಕ್ ಇಟ್ಟಿಗೆ ಹಾಸಿದರು. ಬುಡಕ್ಕೆ ಅಗಲವಾಗಿಯೇ ಜಾಗ ಬಿಟ್ಟಿದ್ದರು, ಅಷ್ಟರಮಟ್ಟಿಗೆ ನಮ್ಮ ಮಾತು ಕೇಳಿದ್ದರು. ಉಳಿದ ಕಡೆ ಬಿಳಿ ಗೆರೆ ಎಳೆದು ವಾಹನ ನಿಲುಗಡೆ ಎಂಬ ಬೋರ್ಡು ನಿಲ್ಲಿಸಿದರು. ಅಪ್ಸರಕೊಂಡಕ್ಕೆ ಹೋಗುವ ಪ್ರವಾಸಿಗರ ಕಾರುಗಳೂ ಚಾ ಕುಡಿಯಲು ಅಲ್ಲೇ ನಿಲ್ಲತೊಡಗಿದವು. ನಾನು ಲೈನ್‌ಮನ್ ಜೊತೆ ಕಚೇರಿಗೆ ನುಗ್ಗಿದೆ. ಸಾಹೇಬರು ಸಿಟ್ಟಾಗಲಿಲ್ಲ, ಕಪಾಟಿನಿಂದ ನಮ್ಮದೇ ವರದಿ ತೆಗೆದು ಮೇಜಿನ ಮೇಲಿಟ್ಟರು.

"ಮೀನಿನ ನೀರು ಬಿದ್ದರೆ ಮರ ಸಾಯುತ್ತದೆ ಅಂತ ಬರೆದುಕೊಟ್ಟವರು ನೀವೇ ಅಲ್ವಾ ಮೇಡಂ? ಈಗ ಅವರನ್ನೇ ಕೂರಿಸಿ ಅಂದ್ರೆ ಹೇಗೆ?"

ಚರಂಡಿಗೆ ಸರಿಯಾದ ಜಾಲರಿ, ಕೂರಲು ಎತ್ತರದ ಕಟ್ಟೆ, ನೀರು ಬುಡಕ್ಕೆ ಹೋಗದ ಇಳಿಜಾರು, ಇಷ್ಟು ಮಾಡಿದರೆ ಮರ, ವ್ಯಾಪಾರ ಎರಡೂ ಉಳಿಯುತ್ತವೆ ಎಂದು ಲೈನ್‌ಮನ್ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದರು. ಸಾಹೇಬರು ಆಸಕ್ತಿಯಿಂದಲೇ ನೋಡಿದರು. ನೋಡೋಣ ಎಂದರು. ಆಮೇಲೆ ಎಷ್ಟು ಸಲ ಹೋದೆವೋ, ಅದೇ ಮಾತು. ಇದನ್ನು ಬರೆಯುವ ಹೊತ್ತಿಗೂ ಅಷ್ಟೇ. ಮರ ಉಳಿಸಿದವರು ಎಂದು ಪರಿಸರ ದಿನದಂದು ನಮಗೆ ಶಾಲು ಹೊದಿಸಲು ಮಾತ್ರ ಕರೆದರು. ಹೋಗಲಿಲ್ಲ.

ಕಳೆದ ವಾರ ತಗಡಿನ ಮಾರ್ಕೆಟ್ಟಿಗೆ ಹೋಗಿದ್ದೆ. ಹೆಂಗಸರು ಅರ್ಧಕ್ಕರ್ಧ ಇರಲಿಲ್ಲ. ಕೆಲವರು ಹೆಬಳೆ ಕಡೆ ಮನೆಮನೆಗೆ ಹೊತ್ತು ಮಾರುತ್ತಾರಂತೆ, ಕೆಲವರು ಬಿಟ್ಟೇ ಬಿಟ್ಟರಂತೆ. ಹಿರಿಯವಳು ಮೂಲೆಯಲ್ಲಿ ಕೂತಿದ್ದಳು. ತಗಡಿನ ಕಾವಿಗೆ ಮುಖವೆಲ್ಲ ಬೆವರು, ಕೈಯಲ್ಲಿ ರಟ್ಟಿನ ಬೀಸಣಿಗೆ. ಅವಳು ನನ್ನ ಮೇಲೆ ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ಆದರೆ ಅವಳು ನಕ್ಕು ಬಾ ಎಂದಳು, ಬಂಗಡೆ ಆರಿಸಿಕೊಡುತ್ತಾ ಮರ ಹೇಗಿದೆ ಎಂದು ಕೇಳಿದಳು. ಈ ಸಲ ತುಂಬ ಹೂ ಬಿಟ್ಟಿದೆ ಎಂದೆ. ಅವಳ ಮುಖ ಅರಳಿತು. ಈಗ ಕೆಳಗೆ ಯಾರು ಕೂರುತ್ತಾರೆ ಎಂದಳು. ಯಾರೂ ಇಲ್ಲ, ಬೈಕು ನಿಲ್ಲಿಸುತ್ತಾರೆ ಎಂದೆ.

ಅವಳ ಬೀಸಣಿಗೆ ನಿಂತಿತು.

"ಬೈಕಿಗೆ ಎಂತಕ್ಕೆ ನೆರಳು, ತಂಗಿ?"

ಅವಳು ಚುಚ್ಚಲು ಕೇಳಿದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ಮೀನಿನ ಚೀಲ ತೆಗೆದುಕೊಂಡು ಹೊರಗೆ ಬಂದೆ. ನನ್ನ ಸ್ಕೂಟರನ್ನು ಮಾವಿನ ಮರದ ಕೆಳಗೇ ನಿಲ್ಲಿಸಿದ್ದೆ. ಅಷ್ಟು ಬಿಸಿಲಲ್ಲೂ ಸೀಟು ತಣ್ಣಗಿತ್ತು.